ಹೊಣೆ ನಂದು ಅಂದವರು

ಕಳೆದ ತಿಂಗಳು ತೀರಿಕೊಂಡವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರಿನ ಪಕ್ಕ ಒಮ್ಮೆ ಒಂದು ಮಾತು ಟೈಪು ಮಾಡಿ ಅವರನ್ನು ಮುಳುಗಿಸಿದವಳು ನಾನೇ. ಮತ್ತೆ ಆ ಹೆಸರು ಬರೆಯಲು ಕೈ ಏಳುವುದಿಲ್ಲ. ಕಂಪನಿಯಲ್ಲಿ ಎಲ್ಲರೂ ಅವರನ್ನು ಸುಬೇದಾರ್ರು ಅಂತಲೇ ಕರೆಯುತ್ತಿದ್ದರು. ಮಿಲಿಟರಿಯಿಂದ ನಿವೃತ್ತರಾದಾಗ ಅವರಿಗಿದ್ದ ಪದವಿ ಅದು. ನನಗೂ ಅಷ್ಟೇ ಸಾಕು.

ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ರಸ್ತೆಯಲ್ಲಿ ನಮ್ಮ ಕಂಪನಿ. ತಗಡನ್ನು ಪ್ರೆಸ್ಸಿನಲ್ಲಿ ಒತ್ತಿ ಲಾರಿ, ಸ್ಕೂಟರುಗಳಿಗೆ ಬಿಡಿಭಾಗ ಮಾಡಿಕೊಡುತ್ತಿತ್ತು. ಅದರ ಪರ್ಸನೆಲ್ ವಿಭಾಗದಲ್ಲಿ ಇಪ್ಪತ್ತಾರು ವರ್ಷ ಕುರ್ಚಿ ಸವೆಸಿದ್ದೇನೆ. ನಮ್ಮದು ಹೊಸೂರಿನ ಹಳೇ ಮನೆತನ. ಮನೆಮಾತು ಕನ್ನಡ, ಓದಿದ್ದು ತಮಿಳಿನಲ್ಲಿ, ಕಚೇರಿಯ ಕಾಗದ ಇಂಗ್ಲಿಷಿನಲ್ಲಿ, ಪಕ್ಕದ ಮನೆಯವರ ಜೊತೆ ಜಗಳ ತೆಲುಗಿನಲ್ಲಿ. ಹೀಗೆ ಎಲ್ಲ ಬರುತ್ತದೆ ಅನ್ನುವ ಕಾರಣಕ್ಕೆ ಕಾರ್ಮಿಕರ ಅರ್ಜಿ, ಹೇಳಿಕೆ, ಕ್ಷಮಾಪಣೆ ಎಲ್ಲವೂ ನನ್ನ ಮೇಜಿಗೇ ಬರುತ್ತಿದ್ದವು. ಅವರು ಹೇಳಿದ್ದನ್ನು ನಾನು ತಮಿಳಿಗೆ ತಿರುಗಿಸುತ್ತಿದ್ದೆ. ನನಗೆ ನಾಲಿಗೆ ಚುರುಕು, ಬೆನ್ನು ಮೆತ್ತಗೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಸುಬೇದಾರ್ರು ಕೆಲಸ ಕೇಳಿಕೊಂಡು ಬಂದ ದಿನ ಅವರ ವಿವರಗಳನ್ನು ಕಂಪ್ಯೂಟರಿಗೆ ತುಂಬಿದವಳೂ ನಾನೇ. ಡೆಂಕಣಿಕೋಟೆ ದಾಟಿ ಕಾಡಂಚಿನ ಒಂದು ಹಳ್ಳಿ ಅವರದು. ಹತ್ತನೇ ಕ್ಲಾಸಿನವರೆಗೆ ಕನ್ನಡ ಶಾಲೆ, ಹತ್ತೊಂಬತ್ತಕ್ಕೆ ಸೈನ್ಯ, ಆಮೇಲೆ ಇಪ್ಪತ್ತೆಂಟು ವರ್ಷ ಹಿಮದಲ್ಲೂ ಮರಳಿನಲ್ಲೂ ಕಳೆದಿದ್ದರು. ಅನುಭವದ ಕಾಲಮ್ಮಿನಲ್ಲಿ ಆರಿಸಿಕೊಳ್ಳಲು ಇದ್ದದ್ದು ಎರಡೇ: ಒಂದು ‘ಇದೇ ಉದ್ಯಮದಲ್ಲಿ ಅನುಭವ’, ಇನ್ನೊಂದು ‘ಫ್ರೆಷರ್’. ಪ್ರೆಸ್ಸಿನ ಕೆಲಸ ಅವರು ಮಾಡಿರಲಿಲ್ಲವಲ್ಲ. ನಲವತ್ತೇಳು ವರ್ಷದ, ಮೀಸೆ ನರೆತ ಆಳಿಗೆ ಫ್ರೆಷರ್ ಅಂತ ಗುರುತು ಹಾಕಿ ನಾನು ನಕ್ಕೆ. ಅವರೂ ನಕ್ಕರು.

“ಹಂಗೇ ಬರ್ಕಳಿ ಮೇಡಂ. ಒಂದ್ಸಲ ಹೊಸಬನಾಗಿದ್ದೆ, ಈಗ ಇನ್ನೊಂದ್ಸಲ ಆಯ್ತೀನಿ. ಏನು ಮಹಾ,” ಅಂದರು.

ಊರಲ್ಲಿ ಅಣ್ಣತಮ್ಮಂದಿರು ರಾಗಿ ಬೆಳೆದುಕೊಂಡು, ಬೆಳೆಗೆ ಬಂದ ಆನೆ ಓಡಿಸಿಕೊಂಡು ಚೆನ್ನಾಗಿಯೇ ಇದ್ದರು. ಇವರೂ ಪಿಂಚಣಿ ತಿಂದುಕೊಂಡು ಜಗಲಿಯಲ್ಲಿ ಕೂರಬಹುದಿತ್ತು. ಯಾಕೆ ಕೂರಲಿಲ್ಲ ಅಂತ ಕೇಳಿದ್ದಕ್ಕೆ, ಬೆಳಿಗ್ಗೆ ಎದ್ದರೆ ‘ಎಲ್ಲರೂ ಬಂದ್ರಾ’ ಅಂತ ಕೇಳಲು ಯಾರಾದರೂ ಬೇಕು, ಊರಲ್ಲಿ ಹಾಗೆ ಕೇಳಿದರೆ ಹುಚ್ಚ ಅಂತಾರೆ ಅಂದಿದ್ದರು. ಅವರನ್ನು ಪ್ರೆಸ್ ವಿಭಾಗಕ್ಕೆ ಶಿಫ್ಟ್ ಸೂಪರ್‌ವೈಸರ್ ಮಾಡಿದರು. ಕೈಕೆಳಗೆ ಮೂವತ್ತು ಜನ.

ಮೊದಲನೇ ವಾರವೇ ನಗೆಪಾಟಲಾಯಿತು. ಶಿಫ್ಟ್ ಶುರುವಾಗುವ ಮುಂಚೆ ಮೂವತ್ತೂ ಜನರನ್ನು ಸಾಲಾಗಿ ಕೂರಿಸಿ, ಶೂ ಕಾಲುಚೀಲ ಬಿಚ್ಚಿಸಿ, ಇವರು ಮೊಣಕಾಲೂರಿ ಒಬ್ಬೊಬ್ಬರ ಪಾದವನ್ನೂ ನೋಡಿದರಂತೆ. ಸೈನ್ಯದಲ್ಲಿ ದೂರ ನಡೆಸುವ ಮುಂಚೆ ಹಾಗೆ ನೋಡುವುದು ಪದ್ಧತಿ. ಕ್ಯಾಂಟೀನಿನಲ್ಲೆಲ್ಲ ಅದೇ ಮಾತು. ‘ಪಾದಪೂಜೆ ಮುಗೀತಾ’ ಅಂತ ನಾನೂ ಚುಡಾಯಿಸಿದೆ. ಆದರೆ ಆವತ್ತು ಮಾದೇಶ ಅನ್ನುವವನ ಹಿಮ್ಮಡಿಯಲ್ಲಿ ಕೀವು ಕಟ್ಟಿದ ಗಾಯ ಸಿಕ್ಕಿತು. ನಾಟ್ರಾಂಪಾಳ್ಯದ ಕಡೆಯ ಮೂವತ್ತೈದರ ಆಳು, ಎರಡು ಮಕ್ಕಳ ತಂದೆ. ಹೇಳಿದರೆ ಎಲ್ಲಿ ರಜೆ ಹಾಕಿಸಿ ಕೆಲಸ ಕಿತ್ತುಕೊಳ್ಳುತ್ತಾರೋ ಅಂತ ಹದಿನೈದು ದಿನದಿಂದ ಕುಂಟುವುದನ್ನು ಮುಚ್ಚಿಟ್ಟುಕೊಂಡು ನಿಂತೇ ಪ್ರೆಸ್ ನಡೆಸುತ್ತಿದ್ದ. ಸುಬೇದಾರ್ರು ಗಾಯ ಮಾಯುವವರೆಗೆ ಅವನನ್ನು ಕೂತು ಮಾಡುವ ಕೆಲಸಕ್ಕೆ ಹಾಕಿಸಿದರು. ಆಮೇಲಿಂದ ಮಾದೇಶ ಅವರನ್ನು ‘ನಮ್ ಸುಬೇದಾರ್ರು’ ಅನ್ನತೊಡಗಿದ.

ಕ್ಯಾಂಟೀನಿನಲ್ಲಿ ಅವರು ತಟ್ಟೆ ಹಿಡಿಯುತ್ತಿದ್ದುದು ಎಲ್ಲರಿಗಿಂತ ಕೊನೆಗೆ. ತಮ್ಮ ಶಿಫ್ಟಿನ ಕಟ್ಟಕಡೆಯ ಒರಿಯಾ ಹುಡುಗನಿಗೆ ಅನ್ನ ಬಿದ್ದ ಮೇಲೆಯೇ ಇವರು ಮುಂದೆ ಹೋಗುವುದು. ಎಷ್ಟೋ ದಿನ ಸಾಂಬಾರು ತಳ ಕಂಡಿರುತ್ತಿತ್ತು, ಮಜ್ಜಿಗೆ ಕಲಸಿಕೊಂಡು ಉಣ್ಣುತ್ತಿದ್ದರು. ಇದು ಬೇರೆ ಸೂಪರ್‌ವೈಸರುಗಳಿಗೆ ಇರುಸುಮುರುಸು. ಅವರೆಲ್ಲ ಗಂಟೆ ಹೊಡೆಯುವ ಮುಂಚೆಯೇ ಉಂಡು ಹಲ್ಲು ಕೆದಕುತ್ತ ಕೂರುವವರು. ಈತ ನಮ್ಮನ್ನು ಅವಮಾನ ಮಾಡಲೆಂದೇ ಹೀಗೆ ನಿಲ್ಲುತ್ತಾನೆ ಅಂತ ಒಬ್ಬರು ನನ್ನ ಹತ್ತಿರ ದೂರು ಕೊಡಲೂ ಬಂದಿದ್ದರು.

ನಮ್ಮ ಪ್ಲಾಂಟ್ ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ. ಹಬ್ಬಕ್ಕೆ ಸಿಹಿ ಹಂಚುವರು, ಯಾರಾದರೂ ಸತ್ತರೆ ಮನೆಗೆ ಹೋಗುವರು. ನಾಯಕತ್ವದ ತರಬೇತಿಗೆ ಹೋಗಿ ಬಂದು ಮೀಟಿಂಗ್ ಕೋಣೆಯ ತುಂಬ ಅದರ ಪೋಸ್ಟರು ಅಂಟಿಸಿದ್ದರು. ಒಂದು ಸಲ ವಾರ್ಷಿಕೋತ್ಸವದಲ್ಲಿ ಸುಬೇದಾರ್ರನ್ನು ಎಬ್ಬಿಸಿ, ಮಿಲಿಟರಿಯ ನಾಯಕತ್ವ ಅಂದರೇನು, ಸಿಬ್ಬಂದಿಗೆ ಅರ್ಧ ಗಂಟೆ ಹೇಳಿ ಅಂದರು. ಇವರು ಮೈಕು ಹಿಡಿದು ತಮಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ ನಾಲ್ಕು ಮಾತು ಹೇಳಿದರು. ಮುಂದೆ ನಡೆಯಬೇಕು. ಕೊನೆಗೆ ಉಣ್ಣಬೇಕು. ಆಳನ್ನು ಹೆಸರು ಹಿಡಿದು ಕೂಗಬೇಕು. ಗೆದ್ದರೆ ಅವರು ಗೆದ್ದರು ಅನ್ನಬೇಕು, ಕೆಟ್ಟರೆ ಹೊಣೆ ನನ್ನದು ಅನ್ನಬೇಕು. ಇಷ್ಟು ಹೇಳಿ ಕೂತುಬಿಟ್ಟರು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಸಾಹೇಬರು.

ಆ ಕೊನೆಯ ಮಾತೇ ಅವರಿಗೆ ಮುಳುವಾಯಿತು. ನಮ್ಮಲ್ಲಿ ದಿನಾ ಬೆಳಿಗ್ಗೆ ಒಂದು ಮೀಟಿಂಗ್ ನಡೆಯುತ್ತಿತ್ತು. ನಿನ್ನೆ ಎಷ್ಟು ಮಾಲು ಕೆಟ್ಟಿತು, ಯಾಕೆ ಕೆಟ್ಟಿತು ಅಂತ ಕೇಳುವ ಮೀಟಿಂಗು. ಕೋತಿ ತಾನು ಮೊಸರು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ ಉತ್ಪಾದನೆಯವರು ರಿಪೇರಿಯವರ ಮೇಲೆ, ರಿಪೇರಿಯವರು ಉಗ್ರಾಣದವರ ಮೇಲೆ, ಉಗ್ರಾಣದವರು ತಗಡು ಕಳಿಸಿದವರ ಮೇಲೆ ಹಾಕಿ ಎದ್ದು ಹೋಗುವುದು ರೂಢಿ. ಸುಬೇದಾರ್ರ ಸರದಿ ಬಂದರೆ ನೆಟ್ಟಗೆ ನಿಂತು ‘ಹೊಣೆ ನಂದು ಸಾರ್’ ಅನ್ನುತ್ತಿದ್ದರು. ಕನ್ನಡದಲ್ಲೇ. ಮೊದಮೊದಲು ಕೋಣೆ ಗಪ್‌ಚಿಪ್ ಆಗುತ್ತಿತ್ತು. ಆಮೇಲೆ ಎಲ್ಲರಿಗೂ ಇದು ಅನುಕೂಲವಾಗಿ ಕಂಡಿತು. ಬಾಗಿದವನಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲ, ಬೇರೆ ಶಿಫ್ಟಿನ ಕೆಟ್ಟ ಮಾಲೂ ಇವರ ಲೆಕ್ಕಕ್ಕೇ ಬೀಳತೊಡಗಿತು.

ಒಂದು ದಿನ ಟೀ ಹೊತ್ತಿನಲ್ಲಿ ನಾನು ತಡೆಯಲಾರದೆ ಬೈದೆ. ಇದೇನು ಸುಬೇದಾರ್ರೆ, ಊರಿನ ಕಸವನ್ನೆಲ್ಲ ತಲೆ ಮೇಲೆ ಸುರಿಸಿಕೊಳ್ಳುತ್ತೀರಿ, ಇಲ್ಲಿ ಆ ಮಾತು ನಡೆಯುವುದಿಲ್ಲ ಅಂದೆ. ಅವರು ಆ ಮಾತಿನ ಗುಟ್ಟು ಹೇಳಿದರು. ಸೈನ್ಯದಲ್ಲಿ ಅದು ಅರ್ಧ ಮಾತಂತೆ. ಸಿಪಾಯಿ ತಪ್ಪಿದರೆ ಹವಾಲ್ದಾರ್ ನನ್ನ ಹೊಣೆ ಅನ್ನುತ್ತಾನೆ. ಸುಬೇದಾರ್ ಅವನನ್ನು ಹಿಂದೆ ಸರಿಸಿ ಅಲ್ಲ, ನನ್ನದು ಅನ್ನುತ್ತಾನೆ. ಮೇಲಿನ ಆಫೀಸರು ಇವನಿಂದಲೂ ಕಿತ್ತುಕೊಂಡು ನನ್ನದು ಅನ್ನುತ್ತಾನೆ.

“ಕೆಳಗಿದ್ದೋನು ಕೊಡ್ತಾನೆ, ಮೇಲಿದ್ದೋನು ಕಿತ್ಕಂತಾನೆ ಮೇಡಂ. ಹಂಗೇ ಮೇಲೇರ್ತಾ ಏರ್ತಾ ಯಾರ್ ತಲೆ ಮೇಲೂ ಭಾರ ಬೀಳಾಕಿಲ್ಲ. ಆಮೇಲೆ ಎಲ್ರೂ ಕೂತ್ಕಂಡು ಏನಾಯ್ತು ಅಂತ ನಿಜ ಹೇಳ್ಕಂತೀವಿ.”

ಇಲ್ಲಿ ಯಾರು ಕಿತ್ತುಕೊಂಡಿದ್ದಾರೆ ಅಂತ ಕೇಳಿದೆ. ಇನ್ನೂ ಅಭ್ಯಾಸ ಆಗಿಲ್ಲ ಮೇಡಂ, ಆಗುತ್ತೆ ಅಂದರು. ಮೂರು ವರ್ಷವಾಗಿತ್ತು ಆಗ. ಹೊಣೆ ಅನ್ನುವುದು ಅವರ ಅಜ್ಜಿಯ ಮಾತಂತೆ. ಸೈನ್ಯದಲ್ಲಿ ಹಿಂದಿಯಲ್ಲಿ ಹೇಳುತ್ತಿದ್ದುದಕ್ಕೆ ನಮ್ಮ ಭಾಷೆಯಲ್ಲಿ ಏನನ್ನಬೇಕು ಅಂತ ಯೋಚಿಸಿದಾಗ ಅದೇ ನೆನಪಾಯಿತಂತೆ. ಊರಲ್ಲಿ ಒಬ್ಬರಿಗೆ ಇನ್ನೊಬ್ಬರು ಜಾಮೀನು ನಿಲ್ಲುವುದಕ್ಕೆ ಹೊಣೆ ನಿಲ್ಲುವುದು ಅನ್ನುತ್ತಾರೆ, ತಪ್ಪು ಮಾಡಿದ್ದಕ್ಕಲ್ಲ ಅಂತಲೂ ಹೇಳಿದರು. ಈ ವ್ಯತ್ಯಾಸ ನನಗೆ ಅವತ್ತೇ ಗೊತ್ತಿತ್ತು ಅನ್ನುವುದನ್ನು ಒಪ್ಪಿಕೊಳ್ಳಬೇಕು.

ಪ್ರೆಸ್ಸಿಗೆ ಒಂದು ಸೆನ್ಸರ್ ಇರುತ್ತದೆ. ಕೈ ಅಡ್ಡ ಬಂದರೆ ಯಂತ್ರವನ್ನು ತಾನೇ ನಿಲ್ಲಿಸುತ್ತದೆ. ಮಾದೇಶ ನಡೆಸುತ್ತಿದ್ದ ಪ್ರೆಸ್ಸಿನ ಸೆನ್ಸರ್ ಕೆಟ್ಟಿತ್ತು. ಸುಬೇದಾರ್ರು ಎರಡು ಸಲ ಬಾಯಲ್ಲಿ ಹೇಳಿದರು, ಮೂರನೇ ದಿನ ಪ್ರೆಸ್ಸನ್ನೇ ನಿಲ್ಲಿಸಿದರು. ಅಂದು ಮಧ್ಯಾಹ್ನ ಲಾರಿ ಮಾಲಿಗೆ ಕಾಯುತ್ತ ನಿಂತಿತ್ತು. ಸಾಹೇಬರು ಸುಬೇದಾರ್ರನ್ನು ತಮ್ಮ ಕೋಣೆಗೆ ಕರೆಸಿ, ಕೂರಿಸಿ, ಗಿರಾಕಿಯ ಕಷ್ಟ ವಿವರಿಸಿದರು. ಇವರು ಎದುರಿಗೆ ಕೂತಿರುವಾಗಲೇ ಫೋನೆತ್ತಿ ಯಾರಿಗೋ ಇಂಗ್ಲಿಷಿನಲ್ಲಿ ಎರಡು ಮಾತು ಹೇಳಿದರು. ಸುಬೇದಾರ್ರು ಕೆಳಗಿಳಿದು ಬರುವಷ್ಟರಲ್ಲಿ ಪ್ರೆಸ್ಸು ಓಡುತ್ತಿತ್ತು. ಅವರು ಇನ್ನೂ ಹತ್ತು ಹೆಜ್ಜೆ ದೂರವಿದ್ದಾಗ ಮಾದೇಶನ ಬಲಗೈಯ ಮೂರು ಬೆರಳು ಹೋದವು. ತಮ್ಮ ಅಂಗಿ ಬಿಚ್ಚಿ ಕೈಗೆ ಸುತ್ತಿ, ಅವನನ್ನು ಹೆಗಲ ಮೇಲೆ ಹಾಕಿಕೊಂಡು ಗೇಟಿನವರೆಗೆ ಓಡಿದ್ದನ್ನು ನನ್ನ ಕಿಟಕಿಯಿಂದ ನೋಡಿದೆ.

ಮಾರನೇ ದಿನ ಹೇಳಿಕೆ ಬರೆದುಕೊಳ್ಳಲು ಅವರನ್ನು ನನ್ನ ಮೇಜಿಗೆ ಕಳಿಸಿದರು. ಅವರು ಹೇಳಿದ್ದು ಎರಡೇ ಸಾಲು. ಆ ಶಿಫ್ಟಿನ ಹೊಣೆ ನಂದು, ನಡೆದದ್ದಕ್ಕೆಲ್ಲ ನಾನೇ ಹೊಣೆ. ಸೆನ್ಸರ್ ವಿಷಯ, ಫೋನಿನ ವಿಷಯ ಬರೆಯಲೇ ಅಂತ ಕೇಳಿದೆ. ಬೇಡ ಅಂದರು.

“ಅದು ಎರಡ್ನೇ ಮಾತು ಮೇಡಂ. ಇದು ಮೊದಲ್ನೇ ಮಾತು. ಸಾಹೇಬ್ರು ಇದನ್ನ ಓದಿ ಕರೀತಾರೆ. ನಿಮ್ದಲ್ಲ, ನಂದು ಅಂತಾರೆ. ಆಗ ಕೂತ್ಕಂಡು ನಿಜ ಹೇಳಾನ.”

ಹೊಣೆಗೆ ತಮಿಳಿನಲ್ಲಿ ‘ಪೊರುಪ್ಪು’ ಅಂತ ಟೈಪು ಮಾಡಿ ಸಾಹೇಬರ ಕೋಣೆಗೆ ಒಯ್ದೆ. ಸುಬೇದಾರ್ರು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಸಾಹೇಬರು ಎರಡು ಸಲ ಓದಿದರು. ಆಮೇಲೆ, ಪೊರುಪ್ಪು ಅಂದರೆ ಅಧಿಕಾರ ಅಂತಲೂ ಆಗುತ್ತದಲ್ಲ, ಕಾರ್ಖಾನೆ ಇನ್ಸ್‌ಪೆಕ್ಟರಿಗೆ ಗೊಂದಲವಾಗುತ್ತದೆ, ‘ತವರು’ ಅಂತ ಹಾಕಿ ಅಂದರು. ತಮಿಳಿನ ತವರು ಅಂದರೆ ತಪ್ಪು. ಬರೀ ಎರಡು ಕಡೆ ಪದ ಬದಲಾಯಿಸುವ ಕೆಲಸ. ನನಗೆ ನಿವೃತ್ತಿಗೆ ಎರಡೂವರೆ ವರ್ಷ ಉಳಿದಿತ್ತು. ಬದಲಾಯಿಸಿದೆ. ‘ಹೊಣೆ ನಂದು’ ಅಂದಿದ್ದು ‘ತಪ್ಪು ನನ್ನದು, ನನ್ನ ತಪ್ಪಿನಿಂದಲೇ ಇದೆಲ್ಲ ನಡೆಯಿತು’ ಅಂತಾಯಿತು.

ಸುಬೇದಾರ್ರಿಗೆ ತಮಿಳು ಓದಲು ಬರುತ್ತಿರಲಿಲ್ಲ. ಓದಿ ಹೇಳಿ ಅಂದರು. ನಾನು ಬಸ್ ತಪ್ಪೀತು ಅನ್ನುವವಳ ಹಾಗೆ ಗಡಗಡ ಓದಿದೆ. ಅವರು ಕಿವಿಗೊಟ್ಟು ಕೇಳಿ, ನಕ್ಕು, “ತವರು ಅಂದ್ರಲ್ಲ ಮೇಡಂ, ಅದ್ಯಾಕೆ ಬಂತು? ಹೆಂಗಸರ ತವರುಮನೆ ತವರಾ?” ಅಂತ ಕೇಳಿದರು.

“ಅದು ಆಫೀಸಿನ ತಮಿಳು ಸುಬೇದಾರ್ರೆ. ನೀವು ಹೇಳಿದ್ದೇ ಇದೆ,” ಅಂದೆ.

ಅವರು ಸಹಿ ಹಾಕಿದರು.

ಸಾಹೇಬರು ಕರೆಯಲಿಲ್ಲ. ವಾರದೊಳಗೆ ಇವರನ್ನು ಕೆಲಸದಿಂದ ತೆಗೆದರು. ಪೊಲೀಸರು ಅಜಾಗರೂಕತೆಯ ಕೇಸು ಹಾಕಿದರು. ಮಾದೇಶ ಆಸ್ಪತ್ರೆಯಲ್ಲಿ ಮಲಗಿಕೊಂಡೇ, ಸುಬೇದಾರ್ರು ಪ್ರೆಸ್ ನಿಲ್ಲಿಸಿದ್ದರು, ನಡೆಸು ಅಂದಾಗ ಅವರು ಅಲ್ಲಿರಲೇ ಇಲ್ಲ ಅಂತ ಹೇಳಿದನಂತೆ. ತಪ್ಪು ನನ್ನದು ಅಂತ ಅವರೇ ಬರೆದುಕೊಟ್ಟಿರುವಾಗ ನಿನ್ನದೇನು ಅಂದರಂತೆ ಪೊಲೀಸರು. ಫೋನು ತೆಗೆದುಕೊಂಡವರು ಯಾರು ಅನ್ನುವುದು ಮೂವತ್ತು ಜನರಲ್ಲಿ ಯಾರಿಗೂ ನೆನಪಿರಲಿಲ್ಲ. ಇವರು ಕೊನೆಗೆ ಉಂಡು ಕಾಯ್ದ ಜನವೇ ಅವರು. ಅವರ ಮೇಲೆ ನನಗೆ ತುಂಬ ಸಿಟ್ಟು ಬಂತು. ಅವರನ್ನು ಬೈದುಕೊಂಡಿರುವಷ್ಟು ಹೊತ್ತು ನನ್ನನ್ನು ಬೈದುಕೊಳ್ಳುವುದು ತಪ್ಪುತ್ತಿತ್ತು. ‘ಮಾಡಿದ್ದುಣ್ಣೋ ಮಹಾರಾಯ’ ಅಂತ ಕ್ಯಾಂಟೀನಿನಲ್ಲಿ ಒಬ್ಬರು ಅಂದಾಗ ನಾನು ತಲೆ ತಗ್ಗಿಸಿ ಮೊಸರನ್ನ ತಿಂದೆ.

ಕೇಸು ನಡೆಯುತ್ತಿರುವಾಗ ಅವರನ್ನು ಒಂದೇ ಸಲ ನೋಡಿದ್ದು. ಬಾಗಲೂರು ರಸ್ತೆಯ ಅಪಾರ್ಟ್‌ಮೆಂಟ್ ಒಂದಕ್ಕೆ ಅಕ್ಕನ ಮಗಳನ್ನು ನೋಡಲು ಹೋದರೆ ಗೇಟಿನಲ್ಲಿ ನೀಲಿ ಸಮವಸ್ತ್ರ ತೊಟ್ಟು ಇವರು ನಿಂತಿದ್ದರು. ಕಾರು ಬಂದರೆ ಗೇಟಿನ ಅಡ್ಡಗಂಬ ಎತ್ತುವುದು, ಹೋದರೆ ಇಳಿಸುವುದು. ಗಡಿಯಲ್ಲಿ ಜನರನ್ನು ನಡೆಸಿದ ಮನುಷ್ಯ ಹೀಗೆ ಕಂಬ ಹಿಡಿದು ನಿಂತಿದ್ದರು. ಅಂಗಿ ಮಾತ್ರ ಗರಿಗರಿ ಇಸ್ತ್ರಿ. ನನ್ನ ಮಂಡಿನೋವು ಹೇಗಿದೆ ಅಂತ ವಿಚಾರಿಸಿದರು. ಮಾದೇಶ ಎಡಗೈಯಲ್ಲೇ ಕುಡುಗೋಲು ಹಿಡಿಯುವುದು ಕಲಿತಿದ್ದಾನೆ, ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತೇನೆ ಅಂದರು. ಆಮೇಲೆ ನನ್ನ ಮುಖವನ್ನೇ ನೋಡುತ್ತ ನಿಂತರು. ಹೇಳಬೇಕು ಅಂತ ಬಾಯಿಗೆ ಬಂತು. ಅಷ್ಟರಲ್ಲಿ ಹಿಂದೆ ಒಂದು ಕಾರು ಹಾರನ್ ಹೊಡೆಯಿತು. ಅವರು ಕಂಬ ಎತ್ತಲು ಹೋದರು, ನಾನು ಲಿಫ್ಟಿನತ್ತ ಹೋದೆ. ಆ ಕಾರಿಗೆ ಮನಸ್ಸಿನಲ್ಲಿ ನಮಸ್ಕಾರ ಹಾಕಿದೆ. ಅಂಥವಳು ನಾನು.

ಕೋರ್ಟಿನಿಂದ ನನಗೆ ಸಾಕ್ಷಿಗೆ ಸಮನ್ಸ್ ಬಂತು. ಹೇಳಿಕೆ ಬರೆದುಕೊಂಡವಳು ನಾನಲ್ಲವೇ. ಕಂಪನಿಯವರು ಹುಷಾರಿಲ್ಲ ಅಂತ ಡಾಕ್ಟರ ಸರ್ಟಿಫಿಕೇಟ್ ಕೊಡಿಸಿದರು. ಎರಡನೇ ಸಲ ಬಂದಾಗಲೂ ಅದೇ ಸರ್ಟಿಫಿಕೇಟ್, ಬರೀ ತಾರೀಕು ಬೇರೆ. ಮೂರನೇ ಸಮನ್ಸ್ ಬರುವ ಹೊತ್ತಿಗೆ ನಾನು ನಿವೃತ್ತಳಾಗಿದ್ದೆ. ಇನ್ನು ಯಾರ ಹೆದರಿಕೆ? ಈ ಸಲ ಹೋಗಿ ಹೇಳುವುದೇ ಅಂತ ನಿಶ್ಚಯ ಮಾಡಿದೆ. ಹೊಣೆ ಅಂದಿದ್ದನ್ನು ತಪ್ಪು ಅಂತ ಬರೆದೆ, ಕೇಳಿದಾಗ ಸುಳ್ಳು ಹೇಳಿದೆ, ಈ ಎರಡು ಮಾತನ್ನು ಕನ್ನಡಿಯ ಮುಂದೆ ನಿಂತು ತಮಿಳಿನಲ್ಲಿ ಹೇಳಿ ಹೇಳಿ ರೂಢಿ ಮಾಡಿಕೊಂಡೆ. ವಿಚಾರಣೆಗೆ ಇನ್ನು ಒಂಬತ್ತು ದಿನ ಇರುವಾಗ ಹಳೇ ಸಹೋದ್ಯೋಗಿಯೊಬ್ಬರು ಫೋನು ಮಾಡಿ, ಸುಬೇದಾರ್ರು ಬೆಳಿಗ್ಗೆ ಗೇಟಿನಲ್ಲೇ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ ಅಂದರು.

ಮಣ್ಣಿಗೆ ಹೋಗಲು ಧೈರ್ಯ ಬರಲಿಲ್ಲ. ವಿಚಾರಣೆಯ ದಿನ ಮಾತ್ರ ಹೋದೆ. ಸತ್ತವರ ಹೆಸರಾದರೂ ಶುದ್ಧವಾಗಲಿ, ಕಡತದಲ್ಲಿ ಆ ಪದದ ಪಕ್ಕ ನನ್ನ ಮಾತೂ ಇರಲಿ ಅಂತ ಆಸೆ. ಕೇಸಿನ ನಂಬರು ಕೂಗಿದರು. ಅವರ ವಕೀಲರು ಮರಣಪತ್ರ ಕೊಟ್ಟರು. ನ್ಯಾಯಾಧೀಶರು ಏನೋ ಬರೆದರು, ಮುಂದಿನ ಕೇಸು ಕೂಗಿದರು. ನಾನು ಎದ್ದು ನಿಂತಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಹೊರಗೆ ಗುಮಾಸ್ತರನ್ನು ಹಿಡಿದುಕೊಂಡು, ನಾನು ಸಾಕ್ಷಿ, ಹೇಳುವುದಿದೆ ಅಂದೆ. ಆತ ಪಾಪ ಮರ್ಯಾದೆಯಿಂದಲೇ ಹೇಳಿದರು: ಆರೋಪಿ ಹೋದ ಮೇಲೆ ಕೇಸೂ ಹೋದಂತೆ ಅಮ್ಮ, ಕಡತ ಕಟ್ಟಿಟ್ಟಾಯಿತು, ಇನ್ನು ಅದರಲ್ಲಿ ಒಂದಕ್ಷರ ಸೇರಿಸಲೂ ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ.

ಮಾದೇಶ ಕೋರ್ಟಿನ ಮುಂದಿನ ಹುಣಸೆಮರದ ಕೆಳಗೆ ಕೂತಿದ್ದ. ಅವನಿಗೂ ಸಮನ್ಸ್ ಇತ್ತು. ನನ್ನನ್ನು ನೋಡಿ ಎದ್ದು ನಿಂತ. ನಾನು ಅಲ್ಲೇ, ನಿಂತಲ್ಲೇ, ಕನ್ನಡಿಯ ಮುಂದೆ ರೂಢಿ ಮಾಡಿಕೊಂಡಿದ್ದನ್ನೆಲ್ಲ ಅವನ ಮುಂದೆ ಹೇಳಿಬಿಟ್ಟೆ. ಕನ್ನಡದಲ್ಲಿ ಹೇಳಲು ಇನ್ನೂ ಕಷ್ಟವಾಯಿತು. ಅವನು ಬೈದಿದ್ದರೆ ನನಗೆ ಸುಖವಾಗುತ್ತಿತ್ತು. ಬೈಯಲಿಲ್ಲ.

“ಅವ್ರಿಗೆ ಗೊತ್ತಿತ್ತು ಮೇಡಂ. ಮೊದಲ್ನೇ ಸಲ ಕೋರ್ಟಿಗೆ ಬಂದಾಗ್ಲೇ ಲಾಯರ್ರು ಓದಿ ಹೇಳಿದ್ರು. ನಾನು ಕುಣಿದಾಡ್ಬುಟ್ಟೆ, ಆವಮ್ಮನ್ ಮನೆ ಮುಂದೆ ಹೋಗಿ ಕೇಳಾನ ಅಂದೆ. ಸುಮ್ಕಿರ್ಲಾ, ಹೋಗಿ ಕೇಳೋ ಮಾತಲ್ಲ ಅದು, ಅವ್ರೇ ಬಂದು ಹೇಳ್ಬೇಕು ಅಂದ್ರು. ಸಾಹೇಬ್ರು ಬರಾಕಿಲ್ಲ ಅಂತ ಅವ್ರಿಗೆ ಅರ್ಥ ಆಗೋಗಿತ್ತು. ನೀವು ಬತ್ತೀರಾ ಅಂತ ಇದ್ರು.”

ಎಡಗೈಯಲ್ಲಿ ಮರದ ಕೆಳಗಿನ ನೆಲ ತೋರಿಸಿ ಮುಂದುವರಿಸಿದ.

“ಹಿಂದ್ಲ ಸಲ ನೀವು ಹುಷಾರಿಲ್ಲ ಅಂತ ಕಾಗ್ದ ಕಳ್ಸಿದ್ರಲ್ಲ, ಅವತ್ತು ಸಾಯಂಕಾಲ ಕೋರ್ಟು ಮುಚ್ಚೋಗಂಟ ಇಲ್ಲೇ ನಿಂತಿದ್ರು. ಆವಮ್ಮನ್ಗೆ ಮಂಡಿ ನೋವು ಕಣ್ಲಾ, ನಿಧಾನಕ್ಕೆ ಬತ್ತಾರೆ ಅಂತ.”

ಅಂಚೆಟ್ಟಿ ಬಸ್ಸಿಗೆ ಹೊತ್ತಾಯಿತು ಅಂತ ಮಾದೇಶ ಹೊರಟ. ಬಲಗೈ ಜೇಬಿನಲ್ಲೇ ಇತ್ತು. ನಾನು ಅವನು ಕೂತಿದ್ದ ಜಾಗದಲ್ಲಿ ಕೂತೆ. ಇನ್ನು ಯಾರ ಹತ್ತಿರ ಹೋಗಿ ಹೇಳಬೇಕೋ ತಿಳಿಯಲಿಲ್ಲ. ಕೋರ್ಟಿನ ಬಾಗಿಲು ಹಾಕಿಕೊಂಡು ಜವಾನ ಬೀಗದ ಕೈ ತಿರುಗಿಸುವವರೆಗೂ ಅಲ್ಲೇ ಇದ್ದೆ.